ನೋಡಲು ಬಂದವರು, ದುಡಿಯಲು ಬಂದವರು

(ಸಾಗರದಲ್ಲಿ ನಡೆದ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಪ್ರವಾಸದ ವಿಷಯವಾಗಿ ಮಾತನಾಡುತ್ತೇನೆಂದು ತಿಳಿಸಿದಾಗ ನಮ್ಮಲ್ಲಿ ಕೆಲವರು ನಕ್ಕರು. ಭೂಮಿ, ಕೂಲಿ, ಹಕ್ಕುಪತ್ರ ಎಂದು ಹೋರಾಡುವ ಪಕ್ಷಕ್ಕೆ ವಿಹಾರದ ಚಿಂತೆ ಏಕೆ ಎಂದು ಕೇಳಿದರು. ಉತ್ತರ ಹೇಳುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಮೇಷ್ಟರಾಗಿದ್ದಾಗ ಒಮ್ಮೆ ಮಕ್ಕಳನ್ನು ಜೋಗಕ್ಕೆ ಕರೆದುಕೊಂಡು ಹೋಗಿದ್ದೆ. ತರಗತಿಯಲ್ಲಿ ಕಾಲಿಗೆ ಬಲವಿಲ್ಲದ ಹುಡುಗನೊಬ್ಬನಿದ್ದ. "ನಿನಗೆ ಕಷ್ಟವಾಗುತ್ತದಪ್ಪಾ, ಮನೆಯಲ್ಲೇ ಇರು" ಎಂದು ನಾನೇ ಹೇಳಿದೆ. ಬಸ್ಸಿನ ಹಣ ಹೊಂದಿಸಲಾರದೆ ಒಬ್ಬ ಹುಡುಗಿಯೂ ಉಳಿದಳು. ಮರುದಿನ ಜೋಗವನ್ನು ಕುರಿತು ಎಲ್ಲರಿಂದಲೂ ಪ್ರಬಂಧ ಬರೆಸಿದೆ. ಆ ಹುಡುಗ ಬರೆದದ್ದು ಎರಡೇ ವಾಕ್ಯ: "ಜೋಗದ ಕರೆಂಟು ನಮ್ಮ ಮನೆಗೆ ಬರುತ್ತದೆ. ನಾನು ಜೋಗಕ್ಕೆ ಹೋಗಿಲ್ಲ." ಆ ಪ್ರಬಂಧಕ್ಕೆ ಅಂಕ ಹಾಕಲು ನನ್ನ ಕೈ ಏಳಲಿಲ್ಲ.

ಮಿತ್ರರೇ, ವಿಹಾರ ಉಳ್ಳವರ ಸೊತ್ತಲ್ಲ. ವಿಶ್ರಾಂತಿ ಮತ್ತು ಬಿಡುವು ಪ್ರತಿಯೊಬ್ಬನ ಹಕ್ಕೆಂದು 1948ರ ಮಾನವ ಹಕ್ಕುಗಳ ಘೋಷಣೆಯ 24ನೇ ವಿಧಿ ಸಾರಿತು. ಅದಕ್ಕೂ ಮೊದಲು, 1936ರಲ್ಲಿ, ಫ್ರಾನ್ಸಿನಲ್ಲಿ ಸಮಾಜವಾದಿ ಲಿಯೋ ಬ್ಲೂಮರ ಸರ್ಕಾರ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಕೊಟ್ಟಿತು. ರೈಲು ದರದಲ್ಲಿ ನೂರಕ್ಕೆ 40ರಷ್ಟು ರಿಯಾಯಿತಿ ದೊರಕಿತು. ಅದುವರೆಗೆ ಸಮುದ್ರವನ್ನೇ ಕಾಣದಿದ್ದ ಎಷ್ಟೋ ಕೂಲಿಕಾರ ಕುಟುಂಬಗಳು ಆ ಬೇಸಗೆಯಲ್ಲಿ ಸಮುದ್ರ ಕಂಡವು. ಅದು ದೊರೆಗಳ ದಾನವಲ್ಲ. ಕಾರ್ಖಾನೆಗಳಲ್ಲಿ ಲಕ್ಷಾಂತರ ಜನ ಮುಷ್ಕರ ಹೂಡಿದ್ದರಿಂದ ಬಂದ ಫಲ.

ನಮ್ಮಲ್ಲಿಯೂ ಕಾನೂನಿಗೆ ಬರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಸಾಂಸ್ಕೃತಿಕ ಜೀವನ ಮತ್ತು ಮನರಂಜನೆಯಲ್ಲಿ ಅವರಿಗೂ ಸಮಪಾಲು ಇರಬೇಕೆನ್ನುತ್ತದೆ. ಆದರೆ ಕಾಯಿದೆಯ ಪುಸ್ತಕಕ್ಕೆ ಇಳಿಜಾರು ಹಾದಿ ಕಟ್ಟಲು ಬರುವುದಿಲ್ಲ. 2023ರ ಜೂನ್ 11ರಂದು ರಾಜ್ಯ ಸರ್ಕಾರ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ 'ಶಕ್ತಿ' ಯೋಜನೆ ತಂದಿತು. ಹೆಂಗಸರು ಗುಂಪುಗುಂಪಾಗಿ ಧರ್ಮಸ್ಥಳಕ್ಕೋ ಕೊಲ್ಲೂರಿಗೋ ಹೊರಟರೆ ಕೆಲವರು ಹಾಸ್ಯ ಮಾಡಿದರು. ಜೀವಮಾನವಿಡೀ ಒಲೆಯ ಮುಂದೆ ಕುಳಿತ ತಾಯಿ ಒಂದು ದಿನ ಊರು ಬಿಟ್ಟು ಹೋದರೆ ನಗುವವರು, ತಾವು ಕಾರಿನಲ್ಲಿ ಹೋಗುವಾಗ ಯಾರಿಂದಲೂ ನಗಿಸಿಕೊಂಡವರಲ್ಲ. ನಮ್ಮ ಆಕ್ಷೇಪಣೆ ಬೇರೆ: ಮಲೆನಾಡಿನ ಎಷ್ಟೋ ಹಳ್ಳಿಗಳಿಗೆ ಖಾಸಗಿ ಬಸ್ಸೇ ಗತಿ. ಅಲ್ಲಿನ ಹೆಂಗಸಿನ ಪಾಲಿಗೆ ಯೋಜನೆಯೇ ಇಲ್ಲ. ಯೋಜನೆಯನ್ನು ಹಳಿಯುವುದು ನಮ್ಮ ಕೆಲಸವಲ್ಲ. ಅದನ್ನು ನಮ್ಮ ಹಳ್ಳಿಯ ತನಕ ಎಳೆದು ತರುವುದು ನಮ್ಮ ಕೆಲಸ.

ಇನ್ನು ಸೇವೆಗೆಂದು ಬರುವ ಪ್ರವಾಸಿಗಳ ಮಾತು. ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬ ಎಂಜಿನಿಯರು 1920ರಲ್ಲಿ, ಯುದ್ಧದಲ್ಲಿ ನೆಲಸಮವಾಗಿದ್ದ ಫ್ರಾನ್ಸಿನ ವರ್ದನ್ ಬಳಿಯ ಹಳ್ಳಿಯೊಂದನ್ನು ಮತ್ತೆ ಕಟ್ಟಲು ಸ್ವಯಂಸೇವಕರನ್ನು ಕರೆದೊಯ್ದರು. ವೈರಿಗಳೆನಿಸಿದ್ದ ಜರ್ಮನರೂ ಆ ತಂಡದಲ್ಲಿದ್ದರು. 1934ರ ಭೂಕಂಪದ ತರುವಾಯ ಅದೇ ಮನುಷ್ಯ ಬಿಹಾರಕ್ಕೂ ಬಂದು ದುಡಿದರು. ಅಂಥವರು ಎಲ್ಲಿಂದ ಬಂದರೂ ನಮ್ಮವರೇ.

ಆದರೆ ಅದೇ ಹೆಸರಿನಲ್ಲಿ ವ್ಯಾಪಾರವೂ ಬೆಳೆದಿದೆ. ಹಣ ಕಟ್ಟಿ ಬಂದವರು ಎರಡು ವಾರ ಮಕ್ಕಳಿಗೆ ಹಾಡು ಕಲಿಸಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನೇಪಾಳ, ಕಾಂಬೋಡಿಯಾಗಳಲ್ಲಿ ಇಂಥ ಅತಿಥಿಗಳ ಹಣದಾಸೆಗೆ, ತಂದೆತಾಯಿ ಬದುಕಿರುವ ಮಕ್ಕಳನ್ನೂ ಅನಾಥಾಲಯಕ್ಕೆ ಸೇರಿಸಿದ್ದು ಬಯಲಿಗೆ ಬಂದಿದೆ. ಬಂದವನ ಮನಸ್ಸು ಒಳ್ಳೆಯದಿರಬಹುದು. ಆದರೆ ಏನು ಕೆಲಸ ಆಗಬೇಕೆಂದು ಊರಿನವರನ್ನು ಯಾರೂ ಕೇಳಲಿಲ್ಲ. ದೋಷವಿರುವುದು ಅಲ್ಲಿ.

ಕೇಳಿ ಮಾಡಿದ ಸೇವೆ ಹೇಗಿರುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕಾಗೋಡು ಇಲ್ಲೇ ಇದೆ. ಅಲ್ಲಿನ ಗೇಣಿದಾರರು ಗೇಣಿ ಅಳೆಯುವ ಕೊಳಗದ ಅನ್ಯಾಯವನ್ನು ತಾವೇ ಪ್ರಶ್ನಿಸಿದರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. 1951ರ ಏಪ್ರಿಲಿನಲ್ಲಿ ಸತ್ಯಾಗ್ರಹ ಮೊದಲಾಯಿತು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಬೆಂಬಲಕ್ಕೆ ನಿಂತಮೇಲೆ ಹೊರಗಿನಿಂದ ಸ್ವಯಂಸೇವಕರು ಬಂದರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಹೋರಾಟ ಊರಿನದು, ಬೆಂಬಲ ಪಕ್ಷದ್ದು. ಈ ಕ್ರಮ ತಲೆಕೆಳಗಾದರೆ ಅದು ಬೆಂಬಲವಲ್ಲ, ಯಜಮಾನಿಕೆ. ಗೇಣಿದಾರ ಭೂಮಿಯ ಒಡೆಯನಾಗಲು 1974ರ ಕಾನೂನಿನ ತನಕ ಕಾಯಬೇಕಾಯಿತೆಂಬುದನ್ನೂ ಮರೆಯಬಾರದು.

ಈಗ ನಮ್ಮ ಶರಾವತಿಯನ್ನೇ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರುಗಳು ಮುಳುಗಿದವು. ಹಿನ್ನೀರಿನ ಆಚೆ ಉಳಿದವರು ಆಸ್ಪತ್ರೆಗೆ, ಶಾಲೆಗೆ ಲಾಂಚನ್ನೇ ನಂಬಿ ಬದುಕಿದರು. ಸಿಗಂದೂರಿಗೆ ಹೋಗುವ ಯಾತ್ರಿಕನಿಗೆ ಆ ಲಾಂಚು ಒಂದು ಮೋಜು. ಹೆರಿಗೆ ನೋವಿನ ಹೆಂಗಸಿಗೆ ಅದು ಪ್ರಾಣಸಂಕಟ. ಸುಮಾರು ಅರುವತ್ತು ವರ್ಷಗಳ ಮೇಲೆ, 2025ರ ಜುಲೈ 14ರಂದು, ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಅಂದು ಕೇಂದ್ರ, ರಾಜ್ಯ ಸರ್ಕಾರಗಳ ನಡುವೆ ನಡೆದ ಜಗಳವಾದರೂ ಏನು? ಆಹ್ವಾನ ಯಾರಿಗೆ ಹೇಗೆ ಹೋಯಿತೆಂಬುದು! ಸೇತುವೆ ಬಂದದ್ದು ಸಂತೋಷವೇ. ಆದರೆ ಸೇತುವೆಯ ಮೇಲೆ ಪ್ರವಾಸಿಯ ಹಿಂದೆಯೇ ಹಣದ ಥೈಲಿಯೂ ಬರುತ್ತದೆ. ಮುಳುಗಡೆಯಾದವರು ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿರುವಾಗಲೇ ಹಿನ್ನೀರಿನ ದಂಡೆ ಹೋಟೆಲಿನವರ ಪಾಲಾದರೆ, ಅದು ಎರಡನೆಯ ಮುಳುಗಡೆ.

ಗ್ರಾಮ ಪಂಚಾಯತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಆದರೂ ಗೆದ್ದ ಮರುದಿನ ದೊಡ್ಡ ಪಕ್ಷಗಳವರು ನಮ್ಮ ಸದಸ್ಯರ ಬಾಗಿಲಿಗೆ ಬೆಂಬಲ ಕೇಳಿ ಬರುತ್ತಾರೆ. ನಮ್ಮ ಸಂಖ್ಯೆ ಸಣ್ಣದು. ಆದ್ದರಿಂದಲೇ ನಮ್ಮ ಷರತ್ತು ಸ್ಪಷ್ಟವಾಗಿರಬೇಕು. ಯೋಜನೆ ಯಾವ ಪಕ್ಷದ್ದಾದರೂ ಆಗಲಿ, ನಾವು ಮೂರು ಪ್ರಶ್ನೆ ಕೇಳೋಣ. ಇದನ್ನು ಗ್ರಾಮಸಭೆ ಒಪ್ಪಿದೆಯೆ? ದುಡಿಮೆಯೂ ಲಾಭವೂ ಊರಿನಲ್ಲಿ ಉಳಿಯುತ್ತದೆಯೆ? ಬಡವ, ಮುದುಕಿ, ಕಾಲಿಲ್ಲದವನು ಇದರೊಳಗೆ ಬರಬಲ್ಲರೆ? ಮೂರಕ್ಕೂ ಹೌದೆಂದರೆ ವಿರೋಧಿ ತಂದ ಯೋಜನೆಗೂ ಕೈ ಎತ್ತೋಣ. ಒಂದಕ್ಕೆ ಇಲ್ಲವೆಂದರೂ ಮಿತ್ರರ ಯೋಜನೆಗೂ ಬೆಂಬಲ ಕೊಡದಿರೋಣ. ಕೇರಳದ ಕುಮರಕಂನಲ್ಲಿ 2008ರಿಂದ ಹೆಂಗಸರ ಕುಟುಂಬಶ್ರೀ ಗುಂಪುಗಳು ಬೆಳೆದ ತರಕಾರಿಯನ್ನು ಹೋಟೆಲುಗಳು ಕೊಳ್ಳುವಂತೆ ಪಂಚಾಯತಿಯ ಮೂಲಕ ಏರ್ಪಾಡಾಯಿತು. ಸರ್ಕಾರಗಳು ಬದಲಾದರೂ ಆ ನೀತಿ ಉಳಿಯಿತು. ಅಲ್ಲಿ ಆದದ್ದು ಇಲ್ಲಿ ಏಕಾಗಬಾರದು?

ಕಡೆಯದಾಗಿ ಒಂದು ಸಲಹೆ. ಲೋಹಿಯಾ ಕಾರ್ಯಕರ್ತನಿಗೆ ಗುದ್ದಲಿ, ಜೈಲು, ಮತ ಎಂಬ ಮೂರು ದಾರಿ ತೋರಿಸಿದರು. ನಾವು ಮತದ ಮಾತನ್ನೇ ಹೆಚ್ಚು ಆಡುತ್ತೇವೆ. ಈ ಶಿಬಿರ ಮುಗಿಯುವ ಮೊದಲು, ತಿಂಗಳಿಗೊಂದು ಭಾನುವಾರ ಗುದ್ದಲಿ ಹಿಡಿಯುವವರ ಹೆಸರು ಬರೆದುಕೊಳ್ಳೋಣ. ಏನು ಕೆಲಸವೆಂದು ನಾವು ತೀರ್ಮಾನಿಸುವುದು ಬೇಡ, ಹಿನ್ನೀರಿನ ಊರಿನವರನ್ನು ಕೇಳೋಣ. ಪಟ್ಟಿಯಲ್ಲಿ ಮೊದಲನೆಯ ಹೆಸರು ನನ್ನದಿರಲಿ. ಆ ಹುಡುಗನಿಗೆ ನಾನು ಕೊಡಬೇಕಾದ ಬಾಕಿ ಇನ್ನೂ ಇದೆ.