ಹಿರೇಮದ್ದಿನ ಬೇರು ಮತ್ತು ಅರಳು-ಮರಳು



ಮಡಿವಾಳ ಮಾಚಿದೇವರು ಹುಟ್ಟಿದ, ರಾವುತರಾಯ ನೆಲೆಸಿದ ದೇವರ ಹಿಪ್ಪರಗಿಯಲ್ಲಿ ಮಾತಾಡಲು ಕರೆದಿದ್ದೀರಿ, ಋಣಿಯಾಗಿದ್ದೇನೆ. ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಮಾಸ್ತರರು ಪುರಾವೆ ಇಲ್ಲದ ಮಾತಿಗೆ ತಲೆದೂಗುತ್ತಿರಲಿಲ್ಲವೆಂದು ಈಗಷ್ಟೇ ಹೇಳಿದಿರಿ. ಹಾಗಿದ್ದರೆ ನಾನೂ ಹುಷಾರಾಗಿಯೇ ಮಾತಾಡಬೇಕು.

ಇಂದಿನ ವಿಷಯ ಅರಳು-ಮರಳು, ವೈದ್ಯರ ಮಾತಿನಲ್ಲಿ ಡಿಮೆನ್ಷಿಯಾ. ಅದರ ಲಕ್ಷಣ, ಬಗೆಗಳೆಲ್ಲ ಯಾವ ಆರೋಗ್ಯದ ಪುಸ್ತಕದಲ್ಲೂ ಸಿಗುತ್ತವೆ, ಬಿಡುತ್ತೇನೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನಂತೆ 60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅರಿಶಿನ ತಿನ್ನುವ ನಮಗೆ ಅರಳು-ಮರಳು ಬರುವುದಿಲ್ಲವೆಂಬ ಜಂಬ ಇಲ್ಲಿಗೇ ಸಾಕು. ಅರಿಶಿನದ ಕುರ್ಕುಮಿನ್ನನ್ನು ಡಿಮೆನ್ಷಿಯಾದ ಒಂದು ಬಗೆಯಾದ ಅಲ್ಝೈಮರ್‌ನ ರೋಗಿಗಳಿಗೇ ಕೊಟ್ಟು ನೋಡಿದ ಪ್ರಯೋಗಗಳ ಫಲಿತಾಂಶ 2008ರಲ್ಲಿ ಹಾಂಗ್‌ಕಾಂಗ್‌ನಿಂದ, 2012ರಲ್ಲಿ ಅಮೆರಿಕದಿಂದ ಬಂತು. ಎರಡರಲ್ಲೂ ಗುಣ ಕಾಣಲಿಲ್ಲ.

ಹಾಗೆಂದು ಸಸ್ಯಗಳಿಂದ ಔಷಧ ಬಂದೇ ಇಲ್ಲ ಎನ್ನುವಂತಿಲ್ಲ. ಇಂದು ವೈದ್ಯರು ಈ ಕಾಯಿಲೆಗೆ ಬರೆದುಕೊಡುವ ಗ್ಯಾಲಂಟಮಿನ್ ಸ್ನೋಡ್ರಾಪ್ ಎಂಬ ಬಿಳಿ ಹೂವಿನ ಗೆಡ್ಡೆಯಿಂದ ಬಂದದ್ದು. ಅಮೆರಿಕ ಅದಕ್ಕೆ 2001ರಲ್ಲಿ ಒಪ್ಪಿಗೆ ಕೊಟ್ಟಿತು. ಇನ್ನೊಂದು ಔಷಧ ರಿವಾಸ್ಟಿಗ್ಮಿನ್‌ನ ಮೂಲ ಆಫ್ರಿಕದ ಒಂದು ವಿಷಕಾಳು. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಬೇಗ ಕರಗದಂತೆ ಇವೆರಡೂ ತಡೆಯುತ್ತವೆ. ರೋಗ ವಾಸಿಯಾಗುವುದಿಲ್ಲ, ಕೆಲಕಾಲ ಕೈಹಿಡಿದು ನಡೆಸುತ್ತವೆ, ಅಷ್ಟೇ.

ನನ್ನ ತಕರಾರು ಇರುವುದು ನಮ್ಮ ಬದುಗಳ ಮೇಲೆಯೇ ಬೆಳೆಯುವ ಒಂದು ಗಿಡದ ಬಗ್ಗೆ. ಮಂಕು ಹಸಿರಿನ ಎಲೆ, ತೆಳು ಕಾಗದದಂಥ ಬುರುಡೆಯೊಳಗೆ ಕೆಂಪು ಹಣ್ಣು, ಹಸಿ ಬೇರು ಜಜ್ಜಿದರೆ ಕುದುರೆಯ ಮೈವಾಸನೆ. ಹಿರೇಮದ್ದಿನ ಗಿಡ, ಅಂಗಡಿಯಲ್ಲಿ ಅಶ್ವಗಂಧ.

2012ರಲ್ಲಿ ನರವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ ಒಂದು ಪ್ರಬಂಧ ಪ್ರಕಟಿಸಿತು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಎರಡೂ ಕೂಡಿದ ಕೆಲಸ. ಅಲ್ಝೈಮರ್ ಬರುವಂತೆ ಬೆಳೆಸಿದ ಇಲಿಗಳಿಗೆ 30 ದಿನ ಈ ಬೇರಿನ ಸಾರ ಕುಡಿಸಿದರು. ಮಿದುಳಿನಲ್ಲಿ ಕಟ್ಟಿಕೊಂಡಿದ್ದ ಅಮಿಲಾಯ್ಡ್ ಎಂಬ ಪ್ರೋಟೀನು ಇಳಿಯಿತು, ಇಲಿಗಳ ನಡವಳಿಕೆ ಸುಧಾರಿಸಿತು. ಆದರೆ ಮದ್ದು ಕೆಲಸ ಮಾಡಿದ್ದು ಲಿವರಿನಲ್ಲಿ. ಅಲ್ಲಿ ಎಲ್‌ಆರ್‌ಪಿ ಎಂಬ ಪ್ರೋಟೀನು ಹೆಚ್ಚಾಗಿ ರಕ್ತದ ಅಮಿಲಾಯ್ಡನ್ನು ಸೆಳೆಯತೊಡಗಿತು. ಕೆಳಗಿನ ಒಡ್ಡು ತೆಗೆದರೆ ಮೇಲಿನ ಹೊಲದ ನೀರು ತಾನೇ ಇಳಿಯುವಂತೆ ಮಿದುಳಿನದೂ ಇಳಿಯಿತು. ಲಿವರಿನಲ್ಲಿ ಆ ಪ್ರೋಟೀನನ್ನು ತಗ್ಗಿಸಿದಾಗ ಮದ್ದಿನ ಗುಣವೂ ಹೋಯಿತು. ಇಷ್ಟು ಕಟ್ಟುನಿಟ್ಟಾದ ಸಾಕ್ಷ್ಯ ಬೇರಾವ ದೇಶೀ ಮೂಲಿಕೆಗೂ ಇಲ್ಲವೆಂಬುದು ನನ್ನ ಅಭಿಪ್ರಾಯ.

ಈ ಪ್ರಬಂಧವನ್ನೇ ಹಿಡಿದು ಪುಡಿ ಮಾರುವವರೊಂದಿಗೆ ನನಗೆ ಜಗಳ. ಇಲಿಗೆ ಕೊಟ್ಟದ್ದು ಕಿಲೋ ತೂಕಕ್ಕೆ 1 ಗ್ರಾಂ ಸಾರ. ದೇಹದ ಮೇಲ್ಮೈ ಲೆಕ್ಕದಲ್ಲಿ ಮನುಷ್ಯನಿಗೆ ಹೊಂದಿಸಿದರೂ 60 ಕಿಲೋ ತೂಗುವವರಿಗೆ ದಿನಕ್ಕೆ ಸುಮಾರು 5 ಗ್ರಾಂ ಆಗುತ್ತದೆ, ಅದೂ ಸಂಸ್ಕರಿಸಿದ ಸಾರ. ಡಬ್ಬಿಯ ಮಾತ್ರೆಯಲ್ಲಿ ಇರುವುದು ಸಾಮಾನ್ಯವಾಗಿ 300 ಮಿಲಿಗ್ರಾಂ. ಅವರು ಮುಂದಿಡುವ ಇನ್ನೊಂದು ಪ್ರಯೋಗ 2017ರದು: ತುಸು ಮರೆವಿನ 50 ಜನರ ಮೇಲೆ, 8 ವಾರ. ಹತ್ತಾರು ವರ್ಷ ಒಳಗೊಳಗೇ ಬೆಳೆಯುವ ಕಾಯಿಲೆಗೆ 8 ವಾರದ ಸಾಕ್ಷಿ! ಗಿಂಕ್ಗೊ ಎಂಬ ಮರದ ಎಲೆಯ ಸಾರವನ್ನು 3,069 ವೃದ್ಧರ ಮೇಲೆ ವರ್ಷಗಟ್ಟಲೆ ಪ್ರಯೋಗಿಸಿ ನೋಡಿದ ಮೇಲೆಯೇ 2008ರಲ್ಲಿ ಅದು ಡಿಮೆನ್ಷಿಯಾ ತಡೆಯುವುದಿಲ್ಲವೆಂದು ಖಾತ್ರಿಯಾದದ್ದು.

ಶಾಸ್ತ್ರದಲ್ಲಿದೆ, ಪ್ರಯೋಗವೇಕೆ ಎನ್ನುವ ಮಿತ್ರರೂ ಇದ್ದಾರೆ. ಶಾಸ್ತ್ರ ತೆರೆಯೋಣ. ಚರಕ ಮೇಧ್ಯ ರಸಾಯನ, ಅಂದರೆ ಬುದ್ಧಿ-ನೆನಪಿನ ಮದ್ದು, ಎಂದು ಹೇಳಿದ್ದು ನಾಲ್ಕನ್ನು: ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿ. ಆ ಸಾಲಿನಲ್ಲಿ ಅಶ್ವಗಂಧ ಇಲ್ಲ.

ಪ್ರಯೋಗಾಲಯದವರನ್ನೂ ಬಿಡುವಂತಿಲ್ಲ. ಇಲಿಗೆ ಸ್ಕೋಪೊಲಮಿನ್ ಚುಚ್ಚಿ ಮರೆವು ಬರಿಸಿ, ಮೂಲಿಕೆ ಕೊಟ್ಟು ನೆನಪು ಮರಳಿತೆಂದು ಬರೆಯುವ ಪ್ರಬಂಧಗಳಿಗೆ ಲೆಕ್ಕವಿಲ್ಲ. ಸ್ಕೋಪೊಲಮಿನ್ ಇರುವುದು ದತ್ತೂರಿಯಲ್ಲಿ, ಹಿರೇಮದ್ದಿನ ಕುಟುಂಬದ್ದೇ ಗಿಡ. ಅದರ ಮಂಪರು ಕೆಲವು ತಾಸಿನದು, ನರಕೋಶ ಸಾಯುವುದಿಲ್ಲ. ದತ್ತೂರಿಯ ಅಮಲು ಇಳಿಸಿದ್ದನ್ನು ಅಲ್ಝೈಮರ್ ವಾಸಿ ಎನ್ನುವುದು ನನ್ನ ಕಣ್ಣಿಗೆ ಕಣ್ಕಟ್ಟು. ಮಾಸ್ತರರಿದ್ದರೆ ಇಂಥ ಉತ್ತರಕ್ಕೆ ಸೊನ್ನೆ ಹಾಕುತ್ತಿದ್ದರೇನೋ.

ಇನ್ನೊಂದು ಮಾತು. ಗುಣ ಲಿವರಿನಲ್ಲಿದ್ದರೆ ಅಪಾಯವೂ ಅಲ್ಲಿಯೇ ಇರಬಹುದು. ಅಶ್ವಗಂಧದ ಮಾತ್ರೆ ತಿಂದು ಕಾಮಾಲೆಯಾದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ನಿಷೇಧ ಅತಿಯಾಯಿತೆಂದೇ ನನ್ನ ಮತ, ಆದರೆ ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯ ಎನ್ನುವುದು ಅದಕ್ಕಿಂತ ದೊಡ್ಡ ಅತಿ. ಬೇರು ದುಬಾರಿಯೆಂದು ಎಲೆ ಬೆರೆಸುವ ಚಾಳಿಯೂ ಇದೆ. ಎಲೆ ಬಳಸಬೇಡಿರೆಂದು ಆಯುಷ್ ಸಚಿವಾಲಯವೇ ತಾಕೀತು ಮಾಡಿದೆ.

ಮನೆಯಲ್ಲಿ ಅಜ್ಜನಿಗೋ ಆಯಿಗೋ ಮರೆವು ಕಂಡರೆ ಪುಡಿಯ ಡಬ್ಬಿ ತರುವ ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ಬಿ12, ಥೈರಾಯ್ಡ್ ತಪಾಸಣೆ ಮಾಡಿಸಿ, ಕಿವಿ ತೋರಿಸಿರಿ. ನಿದ್ದೆಗೆ, ನೆಗಡಿಗೆ ನುಂಗುತ್ತಿರುವ ಗುಳಿಗೆಗಳನ್ನೂ ತೋರಿಸಿರಿ, ಕೆಲವು ಗುಳಿಗೆಗಳೇ ನೆನಪು ಕೆಡಿಸುತ್ತವೆ. ಈಗಾಗಲೇ ಹಿರೇಮದ್ದು ತಿನ್ನುತ್ತಿದ್ದರೆ ಅದನ್ನು ಮುಚ್ಚಿಡದೆ ಹೇಳಿ, ಲಿವರ್ ಪರೀಕ್ಷೆ ಮಾಡಿಸಿರಿ.