ಗಾಯ ಮಾಯುವ ಬಗೆ
(ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ಮೆಟ್ಟುಕತ್ತಿಯಿಂದ ಬೆರಳು ಕೊಯ್ದುಕೊಂಡವರು, ಆಟದ ಬಯಲಿನಲ್ಲಿ ಮೊಣಕಾಲು ತರಚಿಕೊಂಡವರು ಈ ಸಭೆಯಲ್ಲಿ ಯಾರಿಲ್ಲ? ಗಾಯವು ಮಾಯಿತೆಂದು ಹೇಳುತ್ತೇವೆ. ಮಾಯಿಸಿದವರು ಯಾರೆಂದು ಕೇಳುವುದಿಲ್ಲ.

ತೆಳುವಾದ ಹೊರಚರ್ಮದ ಕೆಳಗೆ ದಪ್ಪನಾದ ಒಳಚರ್ಮವುಂಟು. ಅಲ್ಲಿ ಫೈಬ್ರೋಬ್ಲಾಸ್ಟ್ ಎಂಬ ಜೀವಕೋಶಗಳು ವಾಸವಾಗಿವೆ. ನಾವು ಅವುಗಳನ್ನು ನಾರುಕೋಶಗಳೆನ್ನೋಣ. ಕೊಲಾಜೆನ್ ಎಂಬ ಗಟ್ಟಿಯಾದ ನಾರನ್ನು ಹೊಸೆಯುವುದು ಇವುಗಳ ಕಸುಬು. ಚರ್ಮವು ಹರಿದೊಡನೆ ರಕ್ತವು ಹೆಪ್ಪುಗಟ್ಟುತ್ತದೆ. ಬಿಳಿಯ ರಕ್ತಕಣಗಳು ಬಂದು ಕೊಳೆಯನ್ನೂ ರೋಗಾಣುಗಳನ್ನೂ ತೆಗೆಯುತ್ತವೆ. ಕೆಲವೇ ದಿನಗಳಲ್ಲಿ ಸುತ್ತಲಿನ ನಾರುಕೋಶಗಳು ಗಾಯದೊಳಕ್ಕೆ ತೆವಳಿ ಬಂದು ನಾರು ಹಾಸತೊಡಗುತ್ತವೆ. ಹಕ್ಕಳೆಯನ್ನು ಕಿತ್ತಾಗ ತೋರುವ ಕೆಂಪು ಹರಳುಹರಳಾದ ಮಾಂಸವೇ ಅವುಗಳ ಕೆಲಸದ ಜಾಗ. ಕೀಳುವ ಹುಡುಗರು ಇದನ್ನು ನೆನಪಿಡತಕ್ಕದ್ದು.

ಹಾಗಾದರೆ ಕಲೆಯೇಕೆ ಉಳಿಯುತ್ತದೆ? ಹುಟ್ಟುಚರ್ಮದಲ್ಲಿ ನಾರುಗಳು ಹೆಣೆದ ಮಡಲಿನಂತೆ ಅಡ್ಡಡ್ಡ ಹಾಯ್ದಿರುತ್ತವೆ. ಕಲೆಯಲ್ಲಾದರೋ ಒಂದೇ ದಿಕ್ಕಿಗೆ ಒತ್ತಾಗಿ ಮಲಗಿರುತ್ತವೆ. ಅಲ್ಲಿ ರೋಮವಿಲ್ಲ, ಬೆವರಿಲ್ಲ. ಮೂರು ವಾರಕ್ಕೆ ಮೊದಲಿನ ಬಲದ ಸುಮಾರು ಶೇಕಡಾ 20, ಮೂರು ತಿಂಗಳಿಗೆ ಶೇಕಡಾ 80ರಷ್ಟು ಬರುತ್ತದೆ. ಪೂರ್ಣಬಲವು ಎಂದಿಗೂ ಬಾರದು. ಚಿತ್ರಕಲೆಗೂ ಗಾಯದ ಕಲೆಗೂ ನಮ್ಮ ನುಡಿಯಲ್ಲಿ ಒಂದೇ ಮಾತು. ಆದರೂ ನಾರುಕೋಶವನ್ನು ಕಲೆಗಾರನೆನ್ನಲಾಗದು. ಅದು ಮಳೆಗಾಲಕ್ಕೆ ಮುಂಚೆ ಮಾಡು ಮುಗಿಸಬೇಕಾದ ಮೇಸ್ತ್ರಿ.

ಕಲೆಯನ್ನು ಸತ್ತ ಗುರುತೆಂದು ತಿಳಿಯಬೇಡಿರಿ. 1740ರಲ್ಲಿ ಇಂಗ್ಲೆಂಡಿನಿಂದ ಹೊರಟ ಆನ್‌ಸನ್ ಎಂಬ ನೌಕಾಧಿಪತಿಯ ಹಡಗುಗಳಲ್ಲಿ ಸ್ಕರ್ವಿ ರೋಗವು ಹಬ್ಬಿತು. 1690ರ ಬಾಯ್ನ್ ಕದನದಲ್ಲಿ ಗಾಯಗೊಂಡು ಗುಣಹೊಂದಿದ್ದವನೊಬ್ಬನ ಗಾಯಗಳು ಐವತ್ತು ವರ್ಷಗಳ ಮೇಲೆ ಮತ್ತೆ ಬಾಯಿಬಿಟ್ಟುವೆಂದು ಆ ಯಾನದ ವೃತ್ತಾಂತವು ಹೇಳುತ್ತದೆ. ಹಳೆಯ ನಾರು ಸದಾ ಸವೆಯುತ್ತಿರುತ್ತದೆ, ಹೊಸದು ಬರುತ್ತಿರುತ್ತದೆ. ಸಿ ವಿಟಮಿನ್ ಇಲ್ಲದಿದ್ದರೆ ಅದು ಗಟ್ಟಿಯಾಗದು. ನಮ್ಮ ಹಿತ್ತಿಲ ಪೇರಳೆಯಲ್ಲಿಯೂ ನೆಲ್ಲಿಕಾಯಿಯಲ್ಲಿಯೂ ಆ ವಿಟಮಿನ್ ಧಾರಾಳವಾಗಿದೆ.

ಇನ್ನು ಹೆತ್ತವರಿಗೆ ಮುಖ್ಯವಾದ ಮಾತು. ಗಾಯದೊಳಗಿನ ಕೆಲವು ನಾರುಕೋಶಗಳು ಸ್ನಾಯುವಿನ ಗುಣವನ್ನು ತಾಳಿ, ಅಂಚುಗಳನ್ನು ಒಳಕ್ಕೆ ಎಳೆಯುತ್ತವೆಂದು ಗ್ಯಾಬಿಯಾನಿ ಮತ್ತು ಸಂಗಡಿಗರು 1971ರಲ್ಲಿ ತಿಳಿಸಿದರು. ಸಣ್ಣ ಗಾಯಕ್ಕೆ ಇದು ಉಪಕಾರವೇ. ಆದರೆ ಕುದಿಯುವ ಗಂಜಿ ಚೆಲ್ಲಿ ಮಗುವಿನ ಮೊಣಕೈಯ ಒಳಬದಿ ಆಳವಾಗಿ ಸುಟ್ಟಿತೆನ್ನಿ. ಹುಣ್ಣು ಒಣಗಿತೆಂದು ಮನೆಯವರು ನಿಶ್ಚಿಂತರಾದ ಮೇಲೆಯೂ ಎಳೆತವು ತಿಂಗಳುಗಟ್ಟಲೆ ನಡೆದು, ಕೈಯು ಮಡಚಿಯೇ ನಿಂತುಬಿಡಬಹುದು. ಸುಟ್ಟ ಕೂಡಲೇ 20 ನಿಮಿಷ ತಣ್ಣೀರನ್ನು ಹರಿಯಬಿಡಿರಿ. ಕಾಫಿಪುಡಿ, ಟೂತ್‌ಪೇಸ್ಟ್ ಹಚ್ಚದೆ ಆಸ್ಪತ್ರೆಗೆ ಒಯ್ಯಿರಿ. ಬಳಿಕ ಕೈಯನ್ನು ಚಾಚಿ ನಿಲ್ಲಿಸುವ ಪಟ್ಟಿಯನ್ನೂ ದಿನನಿತ್ಯದ ವ್ಯಾಯಾಮವನ್ನೂ ವೈದ್ಯರು ಹೇಳಿದರೆ, ಮಗು ಅಳುತ್ತದೆಂದು ಬಿಡಬೇಡಿರಿ. ಅಂತಹ ಮಕ್ಕಳಿದ್ದಲ್ಲಿ ನಮಗೆ ತಿಳಿಸಿರಿ. ವ್ಯಾಯಾಮಕ್ಕೆ ಬೇಕಾದ ಸಮಯವನ್ನು ಶಾಲೆಯಲ್ಲಿಯೇ ಒದಗಿಸಿಕೊಡುತ್ತೇವೆ.