ಗ್ರೀಕರ ‘ಬೇಕು’



‘ನೀರು ಬೇಕು’ ಎನ್ನುತ್ತೇವೆ. ‘ನಿಜವನ್ನು ಹೇಳಬೇಕು’ ಎನ್ನುತ್ತೇವೆ. ‘ಹುಟ್ಟಿದವರು ಸಾಯಲೇಬೇಕು’ ಎಂದೂ ಎನ್ನುತ್ತೇವೆ. ಮೊದಲನೆಯದು ಕೊರತೆ, ಎರಡನೆಯದು ಧರ್ಮ, ಮೂರನೆಯದು ವಿಧಿ. ಕನ್ನಡದಲ್ಲಿ ಈ ಮೂರು ಭಾರಗಳನ್ನೂ ‘ಬೇಕು’ ಎಂಬ ಒಂದೇ ಮಾತು ಹೊರಬಲ್ಲುದು. ಪ್ರಾಚೀನ ಗ್ರೀಕರು ಇದನ್ನು ಹಲವು ಮಾತುಗಳಿಗೆ ಹಂಚಿದ್ದರು.

ಅವುಗಳಲ್ಲಿ ಅತಿ ಕಠಿನವಾದದ್ದು ‘ಅನಂಕೇ’. ಮೀರಲಾಗದ ನಿರ್ಬಂಧವೆಂದು ಅದರ ಅರ್ಥ. ಐಸ್ಖಿಲಸ್ ಕವಿಯ ‘ಅಗಮೆಮ್ನೋನ್’ ನಾಟಕವು ಕ್ರಿ. ಪೂ. 458ರಲ್ಲಿ ಪ್ರದರ್ಶಿತವಾಯಿತು. ಟ್ರಾಯ್ ನಗರಕ್ಕೆ ಹಡಗುಗಳು ಹೊರಡಲು ಗಾಳಿ ಅನುಕೂಲವಾಗಲೆಂದು ದೊರೆಯು ತನ್ನ ಮಗಳನ್ನೇ ಬಲಿಕೊಟ್ಟ ಕಥೆಯನ್ನು ಅದರಲ್ಲಿ ಮೇಳದವರು ಹಾಡುತ್ತಾರೆ. ಅನಂಕೆಯ ನೊಗವನ್ನು ಅವನು ಧರಿಸಿದನೆಂಬುದು ಅವರ ಮಾತಿನ ಭಾವ. ನೊಗವೇನೋ ವಿಧಿಯದು, ಅದಕ್ಕೆ ಕೊರಳೊಡ್ಡಿದವನು ಮಾತ್ರ ಅವನೇ.

‘ದೇಯ್’ ಎಂಬುದು ನಮ್ಮ ‘ಬೇಕು’ ಎಂಬುದಕ್ಕೆ ಸಮೀಪವಾದದ್ದು. ಕೊರತೆಯನ್ನೂ ಸೂಚಿಸುತ್ತದೆ, ಮಾಡಬೇಕಾದುದನ್ನೂ ಸೂಚಿಸುತ್ತದೆ. ಅದರ ಭೂತರೂಪವಾದ ‘ಎದೇಯ್’ ಎಂಬುದಕ್ಕೆ ಅನೇಕ ವೇಳೆ ‘ಮಾಡಬೇಕಾಗಿತ್ತು, ಆದರೆ ಮಾಡಲಿಲ್ಲ’ ಎಂಬ ಧ್ವನಿಯುಂಟು. ‘ಖ್ರೇ’ ಎಂಬುದರಲ್ಲಿ ಔಚಿತ್ಯದ ಛಾಯೆ ಹೆಚ್ಚು. ಗ್ರಂಥಕರ್ತರು ಈ ಭೇದಗಳನ್ನು ಎಲ್ಲೆಡೆಯೂ ಕಟ್ಟುನಿಟ್ಟಾಗಿ ಪಾಲಿಸಿದವರಲ್ಲ.

ಇನ್ನು ಧಾತುವಿಗೆ ‘ತೆಯೊನ್’ ಎಂಬ ಪ್ರತ್ಯಯವನ್ನು ಸೇರಿಸುವ ಕ್ರಮವೊಂದುಂಟು. ‘ಪೊಯ್ಯೇತೆಯೊನ್’ ಎಂದರೆ ‘ಮಾಡತಕ್ಕದ್ದು’. ಸಂಸ್ಕೃತದ ‘ಕರ್ತವ್ಯ’ ಎಂಬ ಪದವು ನೆನಪಿಗೆ ಬರುತ್ತದೆ. ಮಾಡತಕ್ಕವನು ಇಲ್ಲಿ ಸಾಮಾನ್ಯವಾಗಿ ಚತುರ್ಥೀ ವಿಭಕ್ತಿಯಲ್ಲಿ ನಿಲ್ಲುತ್ತಾನೆ: ಕೆಲಸವು ‘ಅವನಿಗೆ’ ಸೇರಿದ್ದು.

ಈ ಪ್ರತ್ಯಯದ ತೂಕವನ್ನು ತಿಳಿಯಲು ಪ್ಲೇಟೋವಿನ ‘ಕ್ರಿಟೋ’ ಎಂಬ ಸಂವಾದವನ್ನು ನೋಡಬೇಕು. ಕ್ರಿ. ಪೂ. 399ರಲ್ಲಿ ಅಥೆನ್ಸಿನ ಸೆರೆಮನೆಯಲ್ಲಿ ಸಾಕ್ರೆಟೀಸನು ಮರಣದಂಡನೆಯನ್ನು ಎದುರುನೋಡುತ್ತಿದ್ದಾನೆ. ಗೆಳೆಯನಾದ ಕ್ರಿಟೋ ಬಂದು, ಹಣ ಸಿದ್ಧವಾಗಿದೆ, ತಪ್ಪಿಸಿಕೊಂಡು ಹೋಗೆಂದು ಬೇಡುತ್ತಾನೆ. ಸಾಕ್ರೆಟೀಸನು ಕೇಳುವುದು ಒಂದೇ ಪ್ರಶ್ನೆ: ತಿಳಿದೂ ತಿಳಿದೂ ಅನ್ಯಾಯವನ್ನು ಎಂದಾದರೂ ಮಾಡತಕ್ಕದ್ದೇ? ಅಲ್ಲಿ ಬರುವ ಪದ ‘ಅದಿಕೇತೆಯೊನ್’. ನಗರದ ಆಜ್ಞೆಯನ್ನು ನಡೆಸತಕ್ಕದ್ದು, ಇಲ್ಲವೇ ನ್ಯಾಯವಾದುದನ್ನು ಹೇಳಿ ನಗರವನ್ನು ಒಪ್ಪಿಸತಕ್ಕದ್ದು ಎಂಬ ಮಾತಿನಲ್ಲಿಯೂ ಇದೇ ಪ್ರತ್ಯಯವಿದೆ.

ಹೊರಗೆ ಹೋಗಲು ಅವನಿಗೆ ದಾರಿಯಿತ್ತು. ಆದುದರಿಂದಲೇ ಅವನು ಉಳಿದುದಕ್ಕೆ ಬೆಲೆ. ಅನಂಕೇ ನಮ್ಮ ಆಯ್ಕೆಯನ್ನು ಕಸಿದುಕೊಳ್ಳುತ್ತದೆ. ‘ತೆಯೊನ್’ ಆಯ್ಕೆಯನ್ನು ನಮ್ಮ ಕೈಗೇ ಕೊಟ್ಟು ಉತ್ತರವನ್ನು ಕೇಳುತ್ತದೆ. ‘ಏನು ಮಾಡುವುದು, ಹಾಗೆ ಮಾಡಬೇಕಾಯಿತು’ ಎಂದು ನಾವು ಹೇಳುವಾಗ, ಅದು ಯಾವ ‘ಬೇಕು’ ಎಂದು ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.